ದೂರದ ಸಂಬಂಧಿಕರ ಮಣ್ಣು

ಬಾಗಲಕೋಟೆಯ ಆ ಡಾಕ್ಟರು ಮಾತಾಡಿದ್ದು ನನ್ನ ಜೊತೆ. ಕಾಯಿಲೆ ಇದ್ದದ್ದು ನನ್ನ ಹೆಂಡತಿಗೆ. ಅವಳು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು, ಕಿವಿಯೂ ನೆಟ್ಟಗಿತ್ತು. ಆದರೂ ಅವರು ತಮ್ಮ ತಿರುಗುವ ಕುರ್ಚಿಯನ್ನು ಅರ್ಧ ಸುತ್ತು ನನ್ನ ಕಡೆ ತಿರುಗಿಸಿಕೊಂಡು, ಬೇರೆ ಯಾವುದೋ ಊರಿನಲ್ಲಿರುವ ಹೆಂಗಸಿನ ಸುದ್ದಿ ಹೇಳುವಂತೆ ಹೇಳಿದರು. ಎದೆಯ ಗಂಟು ಕ್ಯಾನ್ಸರೇ. ಸ್ಕ್ಯಾನಿನಲ್ಲಿ ಲಿವರಿನ ಮೇಲೂ ಒಂದು ಚುಕ್ಕೆ ಕಾಣುತ್ತಿದೆ. ಅಂದರೆ ಅಲ್ಲಿಯವರೆಗೂ ಹೋಗಿದೆ.

"ಆಪರೇಷನ್ ಮಾಡಿ ಉಪಯೋಗ ಇಲ್ರಿ. ಔಷಧ ಕೊಡೋಣ, ಎಷ್ಟು ದಿನ ಎಳೀತೈತೋ ಅಷ್ಟು ದಿನ. ಮನ್ಯಾಗ ಚೆಂದಂಗ ನೋಡ್ಕೊಳ್ರಿ" ಎಂದರು.

"ಯಾರನ್ನ ನೋಡ್ಕೊಳ್ಳೂದ್ರಿ?" ಎಂದು ಕೇಳಿದಳು ನನ್ನ ಹೆಂಡತಿ.

ಡಾಕ್ಟರು ಬೆಚ್ಚಿ ಅವಳ ಕಡೆ ನೋಡಿದರು. ಅವಳು ಅಲ್ಲಿದ್ದಾಳೆಂದು ಅವರಿಗೆ ಆಗ ಗೊತ್ತಾಯಿತು. ನನಗೆ ಅದೂ ಗೊತ್ತಾಗಲಿಲ್ಲ. ನನ್ನ ಲೆಕ್ಕದಲ್ಲಿ ಅವಳು ಆ ಹೊತ್ತಿಗಾಗಲೇ ಎದ್ದು ಹೋಗಿಬಿಟ್ಟಿದ್ದಳು.

ನಾನು ಇಳಕಲ್ಲಿನ ನೇಕಾರರ ಸಂಘವೊಂದರಲ್ಲಿ ಗುಮಾಸ್ತ. ನಮ್ಮಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಜೀವ ಸವೆಸಿದವನು. ನಾನು ನಾಲ್ಕು ಅಕ್ಷರ ಕಲಿತು ಕುರ್ಚಿಗೆ ಹತ್ತಿದೆ, ಆ ಮೇಲೆ ಅದರಿಂದ ಇಳಿಯಲಿಲ್ಲ. ಮೂವತ್ತು ವರ್ಷ ಕಡತ ನೋಡಿದವನಿಗೆ ಒಂದು ರೋಗ ಅಂಟುತ್ತದೆ: ಮೊಹರು ಬಿದ್ದ ಕಾಗದವೆಂದರೆ ಅದು ಮುಗಿದ ಮಾತು. ಒಮ್ಮೆ ಸಹಿಯಾದ ಕಡತವನ್ನು ನಾನು ಯಾವತ್ತೂ ಮತ್ತೆ ಬಿಚ್ಚಿದವನಲ್ಲ. ಡಾಕ್ಟರ ವರದಿಗೆ ಸಹಿಯೂ ಇತ್ತು, ಮೊಹರೂ ಇತ್ತು.

ನನ್ನ ಹೆಂಡತಿ ಹುನಗುಂದದವಳು. ನಾಲಿಗೆ ಚುರುಕು, ಬೆರಳು ಅದಕ್ಕಿಂತ ಚುರುಕು. ಮಗ್ಗದ ಮೇಲಿನ ಹಳೆಯ ಹಾಸು, ಅಂದರೆ ಉದ್ದದ ನೂಲು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಬೇಕು. ಸಾವಿರಗಟ್ಟಲೆ ಎಳೆ. ಆ ಕೆಲಸಕ್ಕೆ ಓಣಿಯಲ್ಲೆಲ್ಲ ಅವಳನ್ನೇ ಕರೆಯುತ್ತಿದ್ದರು. ಒಂದು ಎಳೆ ತಪ್ಪಿದರೂ ಮತ್ತೆ ಮೊದಲಿಂದ ನೋಡುವ ಹೆಂಗಸು. ಅವಳು ಒಂದು ಚುಕ್ಕೆಗೆ ತಲೆಬಾಗಿ ಸಾಯಲು ಒಪ್ಪುವಳೇ? ಆ ಸಂಜೆ ಬಸ್ಸು ಹುನಗುಂದ ದಾಟುವಾಗ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

"ನಾ ಇನ್ನೊಬ್ಬ ಡಾಕ್ಟರಿಗೆ ತೋರಸ್ತೇನಿ."

"ಸ್ಕ್ಯಾನ್ ಸುಳ್ಳು ಹೇಳ್ತೈತೇನು?" ಎಂದೆ.

"ಸ್ಕ್ಯಾನ್ ಏನೂ ಹೇಳಿಲ್ರಿ. ಹೇಳಿದ್ದು ಅಂವ. ನಿಮ್ಮ ಮುಖಾ ನೋಡಿ ಹೇಳಿದ."

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾವಿಬ್ಬರು, ಮತ್ತೆ ನಮ್ಮವ್ವ. ಅವ್ವನಿಗೆ ವಿಷಯ ಹೇಳಿದಾಗ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಒಂದು ಚಹಾ ಕುದಿಯುವಷ್ಟು ಹೊತ್ತು ಅತ್ತಿರಬೇಕು. ಆಮೇಲೆ ಮೂಗು ಒರೆಸಿಕೊಂಡು ನನ್ನ ಹತ್ತಿರ ಸರಿದು, "ಬೇವೂರಾಗ ನಮ್ಮ ಪೈಕಿ ಒಂದು ಹೆಣ್ಮಗಳು ಐತಿ. ಗಂಡ ಸತ್ತು ನಾಕು ವರ್ಷಾತು. ರೊಟ್ಟಿ ಭಾಳ ತೆಳ್ಳಗ ಬಡಿತಾಳ" ಎಂದಳು.

ಅಡುಗೆಮನೆಯಲ್ಲಿ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಮನೆಯ ಗೋಡೆ ಅಷ್ಟೇನೂ ದಪ್ಪ ಇಲ್ಲ. ಬಡಿಯುವ ಸಪ್ಪಳ ಒಮ್ಮೆ ನಿಂತಿತು, ಮತ್ತೆ ಶುರುವಾಯಿತು.

ಅವ್ವನನ್ನು ನಾನು ಬೈದೆ. ಹೊರಗಿನವರಿಗೆ ಇಷ್ಟೇ ಹೇಳಿದರೆ ನಾನು ಒಳ್ಳೆಯವನಾಗಿ ಉಳಿಯುತ್ತೇನೆ. ಆದರೆ ಬೈಯುವ ಮೊದಲು ಒಂದು ನಿಮಿಷ ಸುಮ್ಮನಿದ್ದೆ. ಆ ನಿಮಿಷದಲ್ಲಿ, ಯಾರದೋ ಮದುವೆಯಲ್ಲಿ ನನ್ನ ಎಲೆಗೆ ಎರಡು ಹೋಳಿಗೆ ಹೆಚ್ಚು ಹಾಕಿದ ಬೇವೂರಿನ ಆ ಹೆಂಗಸಿನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಿಗೆ ಬಂತು ಕೂಡ. ನನ್ನ ಹೆಂಡತಿಗೆ ಆಗಿನ್ನೂ ಒಂದು ಗುಳಿಗೆ ಕೂಡ ಕೊಟ್ಟಿರಲಿಲ್ಲ.

ಇನ್ನೊಬ್ಬ ಡಾಕ್ಟರನ್ನು ಹುಡುಕಿದ್ದು ಅವಳ ತಮ್ಮ. ಹುನಗುಂದದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದಾನೆ, ನನ್ನನ್ನು ಮಾಮಾ ಎಂದು ಕರೆಯುತ್ತಾನೆ, ನನ್ನ ಮೇಲೆ ಮೊದಲಿಂದಲೂ ಅಷ್ಟಕ್ಕಷ್ಟೆ. ಬಾದಾಮಿಯವರೇ ಆದ ಒಬ್ಬ ಡಾಕ್ಟರಮ್ಮ ದೊಡ್ಡ ಊರಿನಲ್ಲಿ ಜೀವಮಾನವೆಲ್ಲ ಬರೀ ಕ್ಯಾನ್ಸರಿನವರನ್ನು ನೋಡಿ, ವಯಸ್ಸಾದ ಮೇಲೆ ಊರಿಗೆ ಬಂದು ಕೂತಿದ್ದಾರೆಂದು ಪತ್ತೆ ಮಾಡಿ ಫೋನ್ ಮಾಡಿದ. ಅವರು ಹನ್ನೆರಡು ದಿನ ಊರಲ್ಲಿ ಇರುವುದಿಲ್ಲ, ಬಂದ ಕೂಡಲೇ ನೋಡುತ್ತಾರೆ. ಅಷ್ಟರಲ್ಲಿ ಬಾಗಲಕೋಟೆಯ ಲ್ಯಾಬಿನಿಂದ, ಗಂಟಿಗೆ ಸೂಜಿ ಚುಚ್ಚಿ ತೆಗೆದ ತುಂಡಿನ ಗಾಜಿನ ಸ್ಲೈಡುಗಳನ್ನೂ ಬ್ಲಾಕನ್ನೂ ಇಸಿದುಕೊಂಡು ಇಟ್ಟಿರಬೇಕು.

ಇಸಿದುಕೊಂಡು ಬರಲು ನಾನು ಒಬ್ಬನೇ ಹೋದೆ. ಲ್ಯಾಬಿನ ಕೌಂಟರಿನಲ್ಲಿದ್ದ ಹೆಂಗಸು ದೊಡ್ಡ ರಿಜಿಸ್ಟರ್ ತಿರುಗಿಸಿ ನನ್ನಿಂದ ಸಹಿ ಹಾಕಿಸಿಕೊಂಡಳು. ನಂತರ ಸ್ಲೈಡುಗಳನ್ನು ಕೊಟ್ಟು, ಬ್ಲಾಕ್ ಎಂದು ಒಂದು ಸಣ್ಣ ಪ್ಲಾಸ್ಟಿಕ್ ಚೌಕಟ್ಟು ಕೈಗಿಟ್ಟಳು. ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ಅದರ ತುಂಬ ಬಿಳಿ ಮೇಣ, ಮೇಣದೊಳಗೆ ಕಂದುಬಣ್ಣದ ಎಳೆಯಂಥದ್ದು ಏನೋ ಎರಡು ಮೂರು.

"ಇದರಾಗ ಅವರ ಮೈಯಿಂದ ತಗದ ತುಂಡು ಐತ್ರಿ. ಕಾಗದ ಕಳಕೊಂಡ್ರ ಇನ್ನೊಂದು ಕೊಡ್ತೀವಿ. ಇದು ಹೋದ್ರ ಹೋತು. ಜ್ವಾಕಿ" ಎಂದಳು. ಕಿವುಡನಿಗೆ ಹೇಳಿದಂತೆ ಎರಡು ಸಲ ಹೇಳಿದಳು.

ಮನೆಗೆ ಬಂದಾಗ ಹೆಂಡತಿ ಇರಲಿಲ್ಲ. ಎದೆಯಲ್ಲಿ ಗಂಟು ಇಟ್ಟುಕೊಂಡೇ ಯಾರದೋ ಮನೆಯ ಮಗ್ಗಕ್ಕೆ ಎಳೆ ಕೂಡಿಸಲು ಹೋಗಿದ್ದಳು. ಅವ್ವ ಪಡಸಾಲೆಯಲ್ಲಿದ್ದಳು. ಕೈಯಲ್ಲಿ ಏನು ಎಂದು ಕೇಳಿದಳು. ದವಾಖಾನೆಯ ಸಾಮಾನು ಎಂದಿದ್ದರೆ ಆಗುತ್ತಿತ್ತು. ನನಗೆ ತಿಳಿದದ್ದನ್ನು ತೋರಿಸಿಕೊಳ್ಳುವ ಚಟ. "ಅಕಿ ಮೈಯಾಗಿನ ತುಂಡು" ಎಂದೆ.

ಅವ್ವ ಹೌಹಾರಿದಳು. "ಮೈ ಬಿಟ್ಟು ಬಂದದ್ದನ್ನ ಮನ್ಯಾಗ ತಂದಿ? ಲಿಂಗಪೂಜಿ ಮಾಡೂ ಮನ್ಯಾಗ? ನಿಮ್ಮ ಸ್ವಾದರಮಾವನ ಕಾಲು ಏನ್ ಮಾಡಿದ್ವಿ, ಮರತಿಯೇನು?"

ಮರೆತಿರಲಿಲ್ಲ. ಕಲಾದಗಿಯ ನನ್ನ ಸೋದರಮಾವನಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು ಮೊಳಕಾಲಿನವರೆಗೆ ಕತ್ತರಿಸಿದರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣಿಗೆ ಕೊಡುತ್ತೇವೆ. ಕಾಲನ್ನು ದವಾಖಾನೆಯ ಕಸಕ್ಕೆ ಬಿಡಬಾರದೆಂದು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, ವಿಭೂತಿ ಹಚ್ಚಿ, ಅವರ ಹೊಲದಲ್ಲೇ ಮಣ್ಣು ಕೊಟ್ಟರು. ನಾನೂ ಒಂದು ಹಿಡಿ ಹಾಕಿದ್ದೆ. ಮಾವ ಹೊರಸಿನ ಮೇಲೆ ಮಲಗಿ, ತನ್ನ ಕಾಲಿನ ಮಣ್ಣಿಗೆ ಯಾರು ಯಾರು ಬಂದಿದ್ದರೆಂದು ಕೇಳಿ ತಿಳಿದುಕೊಂಡ. ಆಮೇಲೆ ಒಂಬತ್ತು ವರ್ಷ ಬದುಕಿದ.

"ಮರ್ಯಾದಿಲೆ ಮಣ್ಣಿಗೆ ಕೊಟ್ವಿ, ರೋಗ ಅದರ ಸಂಗಾಟ ಹೋತು" ಎಂದಳು ಅವ್ವ. "ಇದನ್ನೂ ಕೊಟ್ಟು ಬಾ. ಅಕಿಗೇ ಒಳ್ಳೇದಾಗ್ತೈತಿ."

ಅವ್ವ ಓದಿದವಳಲ್ಲ. ಅವಳ ತಪ್ಪನ್ನು ಅವಳಿಗೆ ಬಿಡೋಣ. ನಾನು ಓದಿದವನು. ಇದು ಹೋದರೆ ಹೋಯಿತು ಎಂದು ಲ್ಯಾಬಿನವಳು ಎರಡು ಸಲ ಹೇಳಿದ್ದಳು. ಹಾಗಿದ್ದೂ ನಾನು ಯಾಕೆ ಹೊರಟೆ? ಅವ್ವನ ಮಾತು ನಂಬಿ ಹೊರಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ರೋಗದ ಮುಂದೆ ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ. ಮಣ್ಣು ಕೊಡುವುದು ಹೇಗೆಂದು ಚೆನ್ನಾಗಿ ತಿಳಿದಿತ್ತು. ತಿಳಿದ ಕೆಲಸ ಸಿಕ್ಕಿತು, ಎದ್ದು ಹೊರಟೆ. ವರದಿಯಲ್ಲಿ ಎಲ್ಲ ಬರೆದಾಗಿತ್ತಲ್ಲ, ಇನ್ನೊಬ್ಬರು ನೋಡಿ ಹೊಸದಾಗಿ ಹೇಳುವುದೇನು?

ಸುತ್ತಲು ಅವ್ವ ಹಳೆಯ ಪೆಟ್ಟಿಗೆಯಿಂದ ಒಂದು ತುಂಡು ಬಟ್ಟೆ ಹರಿದು ಕೊಟ್ಟಳು. ಯಾವ ಬಟ್ಟೆಯೆಂದು ನಾನು ನೋಡಲಿಲ್ಲ. ವಿಭೂತಿ ಕೊಟ್ಟಳು, ನಾಲ್ಕು ಬಿಲ್ವದೆಲೆ ಕೊಟ್ಟಳು. ಹೊಸ್ತಿಲು ದಾಟುವಾಗ ಕೂಗಿ ಹೇಳಿದಳು: "ನಿಮ್ಮಪ್ಪನ ಮಗ್ಗಲದಾಗ ತಗ್ಗು ತಗೀಬ್ಯಾಡ. ಅದು ನಂದು. ಕಾಲ ದೆಸಿಗೆ ತಗಿ."

ಸುಡುವ ಮಧ್ಯಾಹ್ನ. ಊರ ಹೊರಗಿನ ನಮ್ಮವರ ಮಣ್ಣಿನ ಜಾಗದಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಅಪ್ಪನ ಗೋರಿಯ ಕಾಲ ಕಡೆ ಮೊಳದಷ್ಟು ಆಳ ತೆಗೆದು, ಬಟ್ಟೆಯಲ್ಲಿ ಸುತ್ತಿದ ಆ ಮೇಣದ ತುಂಡನ್ನು ಇಟ್ಟು, ವಿಭೂತಿ ಉದುರಿಸಿ, ಎಲೆ ಇಟ್ಟು, ಮೂರು ಹಿಡಿ ಮಣ್ಣು ಹಾಕಿದೆ. ಮೂರನೆಯ ಹಿಡಿಗೆ ಅಳು ಬಂತು. ಸಣ್ಣ ಅಳುವಲ್ಲ, ಬಿಕ್ಕಿ ಬಿಕ್ಕಿ ಅತ್ತೆ. ಇಪ್ಪತ್ನಾಲ್ಕು ವರ್ಷದ ಸಂಸಾರವನ್ನೆಲ್ಲ ಅಲ್ಲಿ ಕೂತು ನೆನೆದೆ. ಅವಳು ಎಷ್ಟು ಒಳ್ಳೆಯವಳಿದ್ದಳು ಎಂದುಕೊಂಡೆ. ಇದ್ದಳು ಎಂದೇ ಅಂದುಕೊಂಡೆ.

ಎದ್ದಾಗ ಮೈ ಹಗುರಾಗಿತ್ತು. ಈ ಹಗುರವನ್ನು ನಾನು ಯಾರಿಗೂ ಹೇಳಿಲ್ಲ. ಎಂಟು ದಿನದಿಂದ ಅನ್ನ ಗಂಟಲಲ್ಲಿ ಇಳಿಯದವನಿಗೆ ಆ ದಿನ ಹಸಿವಾಯಿತು. ದಾರಿಯಲ್ಲಿ ಬಂಡಿಯವನ ಹತ್ತಿರ ನಿಂತು ಒಂದು ಪ್ಲೇಟು ಮಿರ್ಚಿ ಬಜಿ ತಿಂದು ಮನೆಗೆ ಬಂದೆ.

ನಮ್ಮಲ್ಲಿ ಸೂತಕ ಇಲ್ಲ ಎನ್ನುತ್ತಾರೆ. ಆದರೂ ಮಣ್ಣಿಗೆ ಹೋಗಿ ಬಂದವರಿಗೆ ನೀರು ಕಾಯಿಸಿ ಇಟ್ಟಿರುತ್ತಾರೆ. ಅವ್ವ ಇಟ್ಟಿದ್ದಳು. ನಾನು ತಲೆಯ ಮೇಲೆ ನೀರು ಹಾಕಿಕೊಂಡು ಟವೆಲ್ ಸುತ್ತಿಕೊಂಡು ಹೊರಬರುವಾಗ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

"ಯಾರ ಮಣ್ಣಿಗೆ ಹೋಗಿದ್ರಿ?"

"ದೂರದ ಸಂಬಂಧ" ಎಂದೆ.

"ವಯಸ್ಸಾಗಿತ್ತೇನ್ರಿ?"

"ಇಲ್ಲ. ಅಷ್ಟೇನಿಲ್ಲ."

"ಅಯ್ಯ, ಪಾಪ" ಎಂದಳು. ನಾಲಿಗೆಯನ್ನು ಲೊಚಗುಟ್ಟಿ, ನಿಜವಾಗಿ ಮರುಗಿ, ಒಳಗೆ ಹೋಗಿ ನನಗೆ ಚಹಾ ಮಾಡಿ ತಂದಳು. ಸ್ಲೈಡುಗಳನ್ನು ಅವಳ ಕೈಗೆ ಕೊಟ್ಟು, ಬ್ಲಾಕನ್ನು ಲ್ಯಾಬಿನವರು ತಾವೇ ಇಟ್ಟುಕೊಳ್ಳುತ್ತಾರಂತೆ ಎಂದು ಹೇಳಿದೆ. ಅವಳು ನಂಬಿದಳು. ನಾನು ಕಾಗದಪತ್ರ ತಿಳಿದವನು ಎಂಬ ನಂಬಿಕೆ ಅವಳಿಗೆ ಇನ್ನೂ ಇತ್ತು.

ಬಾದಾಮಿಯ ಡಾಕ್ಟರಮ್ಮ ಎಪ್ಪತ್ತು ದಾಟಿದವರು. ನನ್ನನ್ನು ನೋಡಲೂ ಇಲ್ಲ. ಅವಳನ್ನು ತಮ್ಮ ಹತ್ತಿರದ ಸ್ಟೂಲಿನ ಮೇಲೆ ಕೂರಿಸಿಕೊಂಡು, ಪರದೆಯ ಹಿಂದೆ ಕರೆದೊಯ್ದು ಪರೀಕ್ಷೆ ಮಾಡಿ, ಬಂದು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನೋಡವ್ವಾ. ಎದಿಯಾಗ ಇರೂದು ಕ್ಯಾನ್ಸರೇ. ಅದರಾಗ ಎರಡು ಮಾತಿಲ್ಲ. ಆದ್ರ ಲಿವರ್ ಮ್ಯಾಲಿನ ಈ ಚುಕ್ಕಿ ಅದೇ ಅಂತ ಯಾರು ಹೇಳಿದ್ರು? ಭಾಳ ಮಂದಿಗೆ ರಕ್ತನಾಳದ ಗಂಟು ಹಿಂಗ ಕಾಣ್ತೈತಿ. ಇನ್ನೊಂದು ನಮೂನಿ ಸ್ಕ್ಯಾನ್ ಮಾಡಸೂನು. ಅದು ಅಲ್ಲ ಅಂತಾದ್ರ ನೀ ಆಪರೇಷನ್ ಮಾಡಿಸ್ಕೊಂಡು ಆರಾಮಾಗೂ ಪೈಕಿ."

ನನ್ನ ಹೆಂಡತಿ ಅಳಲಿಲ್ಲ, ನಗಲಿಲ್ಲ. ಸೆರಗನ್ನು ಭುಜದ ಮೇಲೆ ಸರಿಪಡಿಸಿಕೊಂಡಳು.

"ಬ್ಲಾಕ್ ಎಲ್ಲೈತಿ?" ಎಂದು ಕೇಳಿದರು ಡಾಕ್ಟರಮ್ಮ. ಬಾಗಲಕೋಟೆಯಲ್ಲಿ ಮಾಡದ ಒಂದು ಪರೀಕ್ಷೆ ಇದೆಯಂತೆ. ಆ ತುಂಡಿನ ಮೇಲೆ ಅದನ್ನು ಮಾಡಿಸಿದರೆ ಇದು ಯಾವ ಜಾತಿಯ ಕ್ಯಾನ್ಸರು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯುತ್ತದೆ. ಅದು ತಿಳಿಯದೆ ಮದ್ದು ಶುರು ಮಾಡುವುದು ಕುರುಡು ಕೆಲಸ.

"ಲ್ಯಾಬಿನವರು ಕೊಡಲಿಲ್ರಿ" ಎಂದೆ.

"ಹೆಂಗ ಕೊಡಂಗಿಲ್ಲ? ಕೊಡಲೇಬೇಕು. ಇಲ್ಲಾಂದ್ರ ಮತ್ತ ಸೂಜಿ ಚುಚ್ಚಿ ಹೊಸಾ ತುಂಡು ತಗೀಬೇಕು. ಇನ್ನೆರಡು ವಾರ ಹೋಗ್ತಾವು."

ಸೂಜಿ ಎಂದ ಕೂಡಲೇ ಹೆಂಡತಿಯ ಕೈ ಎದೆಗೆ ಹೋಯಿತು. ಮೊದಲ ಸಲ ಆ ದಪ್ಪ ಸೂಜಿ ಚುಚ್ಚಿದಾಗ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು, ಅವಳ ಉಗುರಿನ ಗುರುತು ನಾಲ್ಕು ದಿನ ಹೋಗಿರಲಿಲ್ಲ. "ಬ್ಯಾಡ್ರಿ. ಇವತ್ತ ಹೋಗಿ ಅವರ ಕಡೆಯಿಂದ ಇಸ್ಕೊಂಡು ಬರ್ತೇನಿ" ಎಂದು ಎದ್ದಳು.

ಆಗ ಹೇಳಬಹುದಿತ್ತು. ಬಾದಾಮಿಯಿಂದ ಬಾಗಲಕೋಟೆಗೆ ಬಸ್ಸಿನಲ್ಲಿ ಒಂದು ತಾಸಿಗೂ ಮಿಕ್ಕಿ ಹಿಡಿಯಿತು. ಅಷ್ಟು ಹೊತ್ತೂ ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ: ಲ್ಯಾಬು ಇಷ್ಟೊತ್ತಿಗೆ ಮುಚ್ಚಿರುತ್ತದೆ, ನಾಳೆ ನಾನೇ ಬರುತ್ತೇನೆ, ನಿನಗೆ ದಣಿವಾಗಿದೆ.

"ಮುಚ್ಚಿದ್ರ ಬಾಗಲದಾಗ ಕೂಡ್ತೇನಿ" ಎಂದಳು.

ಮುಚ್ಚಿರಲಿಲ್ಲ. ಅದೇ ಹೆಂಗಸು ಕೌಂಟರಿನಲ್ಲಿದ್ದಳು. ನನ್ನ ಹೆಂಡತಿ ಶುರು ಮಾಡಿದಳು ನೋಡಿ. ಬಡವರ ಮೈಯನ್ನು ಬ್ಯಾಂಕಿನಲ್ಲಿ ಇಡುತ್ತೀರೇನು, ನನ್ನ ತುಂಡು ನನಗೆ ಕೊಡಲು ನಿಮಗೇನು ಕಷ್ಟ, ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಕೊಡದೆ ಇರುತ್ತಿದ್ದಿರಾ. ಬೆಂಚಿನ ಮೇಲೆ ಕೂತಿದ್ದ ನಾಲ್ಕು ಮಂದಿ ಎದ್ದು ನಿಂತು ನೋಡಿದರು. ನಾನು ಅವಳ ಹಿಂದೆ ನಿಂತಿದ್ದೆ. ಕೌಂಟರಿನವಳು ಒಮ್ಮೆ ನನ್ನ ಮುಖ ನೋಡಿದಳು, ಗುರುತು ಹಿಡಿದಳು, ನಾನು ಮಾತಾಡಲೆಂದು ಸ್ವಲ್ಪ ಕಾದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಆಗ ಅವಳು ರಿಜಿಸ್ಟರ್ ತೆಗೆದು, ಹಾಳೆ ತಿರುವಿ, ಬೆರಳಿಟ್ಟು ತೋರಿಸಿದಳು.

ನನ್ನ ಸಹಿಯ ಕೆಳಗೆ ಎರಡು ಗೆರೆ, ಗೆರೆಯ ಕೆಳಗೆ ಒಂದು ಚುಕ್ಕೆ ಇರುತ್ತದೆ. ಗುಮಾಸ್ತನಾದ ಹೊಸದರಲ್ಲಿ ಹೆಮ್ಮೆಯಿಂದ ಕಲಿತುಕೊಂಡದ್ದು. ನನ್ನ ಹೆಂಡತಿಗೆ ಅದು ಚೆನ್ನಾಗಿ ಗೊತ್ತು.

ಅವಳು ಅದನ್ನು ನೋಡಿದಳು. ಕೌಂಟರಿನ ಆ ಹೆಂಗಸಿಗೆ ಕೈ ಮುಗಿದು, "ತಪ್ಪಾತವ್ವಾ. ನಿನಗ ಅಲ್ಲ ಅನಬೇಕಾಗಿದ್ದು" ಎಂದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. "ಎಲ್ಲೈತ್ರಿ?" ಎಂದಳು.

ಹೇಳಿದೆ. ಅವ್ವನಿಂದ ಶುರು ಮಾಡಿದೆ, ಸೋದರಮಾವನ ಕಾಲನ್ನೂ ಹೇಳಿದೆ, ನಿನ್ನ ಒಳ್ಳೆಯದಕ್ಕೇ ಎಂದೂ ಹೇಳಿದೆ. ಅವಳು ಬೈಯುತ್ತಾಳೆಂದು ಕಾಯುತ್ತಿದ್ದೆ. ಬೈದಿದ್ದರೆ ನಾನು ಬದುಕುತ್ತಿದ್ದೆ. ಅವಳು ಕೇಳಿದ್ದು ಒಂದೇ: "ಎಷ್ಟು ಆಳ ತಗದೀರಿ?"

ಮಾರನೆಯ ದಿನ ಬೆಳಿಗ್ಗೆ ಅವಳ ತಮ್ಮ ಹುನಗುಂದದಿಂದ ಬಂದ. ಮಣ್ಣಿನ ಜಾಗಕ್ಕೆ ಹೋದ ಮೇಲೆ ಸಲಿಕೆಯನ್ನು ನನ್ನ ಕೈಗೆ ಕೊಟ್ಟು ಅಕ್ಕನ ಪಕ್ಕದಲ್ಲಿ ನಿಂತ. ಅವ್ವ ಮನೆ ಬಿಟ್ಟು ಹೊರಡಲಿಲ್ಲ. ನಾನು ಅಗೆದೆ. ಸಿಗಲಿಲ್ಲ. ಗುರುತಿಗೆ ಒಂದು ಕಲ್ಲು ಕೂಡ ಇಟ್ಟಿರಲಿಲ್ಲ ನಾನು. ಮತ್ತೆ ಹುಡುಕಿ ಬರುವ ಯೋಚನೆ ಇದ್ದವನಲ್ಲವೇ ಗುರುತು ಇಡುವುದು? ಎರಡನೆಯ ಕಡೆ ಅಗೆದೆ. ಸಿಗಲಿಲ್ಲ. ಬೆವರು ಕಣ್ಣಿಗಿಳಿಯಿತು. ಅವಳು ನೆರಳಿಗೂ ಹೋಗದೆ ನೋಡುತ್ತ ನಿಂತಿದ್ದಳು.

"ಅವಸರ ಬ್ಯಾಡ್ರಿ. ನಾ ಎಲ್ಲೂ ಹೋಗಂಗಿಲ್ಲ" ಎಂದಳು.

ಮೂರನೆಯ ಕಡೆ ಸಲಿಕೆಯ ಬಾಯಿಗೆ ಬಟ್ಟೆ ಸಿಕ್ಕಿತು. ಬಿಚ್ಚಿದೆ. ಮೇಣಕ್ಕೆ ಏನೂ ಆಗಿರಲಿಲ್ಲ, ಚೌಕಟ್ಟಿನ ಮೇಲೆ ಬರೆದ ನಂಬರು ಕೂಡ ಅಳಿಸಿರಲಿಲ್ಲ. ಅವಳು ಅದನ್ನು ತಮ್ಮನ ಕೈಗೆ ಕೊಟ್ಟು, ಬಟ್ಟೆಯನ್ನು ತಾನು ತೆಗೆದುಕೊಂಡು ಮಣ್ಣು ಝಾಡಿಸಿದಳು. ಕೆಂಪು ರೇಷ್ಮೆಯ ಸೆರಗು. ಬಿಳಿ ಪಟ್ಟಿ.

"ಇದು ನನ್ನ ಕುಬಸದ ಸೀರಿ" ಎಂದಳು.

ಮದುವೆಯಾದ ಎರಡನೆಯ ವರ್ಷ ಅವಳು ಬಸಿರಾಗಿದ್ದಳು. ಏಳನೆಯ ತಿಂಗಳಿನಲ್ಲಿ ಹಸಿರು ಬಳೆ ಇಡಿಸಿ, ನಮ್ಮಪ್ಪ ತಾನೇ ನೇಯ್ದ ಈ ಸೀರೆ ಉಡಿಸಿ ಕುಬಸ ಮಾಡಿದ್ದರು. ಕೂಸು ಉಳಿಯಲಿಲ್ಲ. ಸೀರೆಯನ್ನು ಅವಳು ಮತ್ತೆ ಉಟ್ಟಿರಲಿಲ್ಲ. ಹೇಗೂ ಉಪಯೋಗಕ್ಕೆ ಬರುವುದಿಲ್ಲ ಎಂದು ಅವ್ವ ಹರಿದು ಕೊಟ್ಟಿರಬೇಕು. ನಾನು ಬಟ್ಟೆ ನೋಡಿರಲಿಲ್ಲ ಎಂದು ಹೇಳಿದೆನಲ್ಲ. ನೋಡಿದ್ದರೂ ಗುರುತು ಹಿಡಿಯುತ್ತಿರಲಿಲ್ಲ, ಅದು ಇನ್ನೂ ಕೆಟ್ಟದ್ದು.

ಅವಳು ಸೆರಗಿನ ತುಂಡನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ, ಆ ಗಂಟಿನ ಮೇಲೆಯೇ, ಇಟ್ಟುಕೊಂಡಳು.

"ಅವತ್ತ ಮೂರು ಗಂಟೆಕ್ಕ ತಲಿ ಮ್ಯಾಲೆ ನೀರು ಹಾಕ್ಕೊಂಡು ಬಂದ್ರಿ. ಯಾರು ಅಂತ ಕೇಳಿದ್ದಕ್ಕ ದೂರದ ಸಂಬಂಧ ಅಂದ್ರಿ. ಪಾಪ ಅಂದೆ ನಾ. ನನಗ ನಾನ ಪಾಪ ಅಂದ್ಕೊಂಡು, ನಿಮಗ ಚಾ ಮಾಡಿ ಕೊಟ್ಟೆ."

ಅಷ್ಟು ಹೇಳುವಾಗಲೂ ಅವಳು ದನಿ ಏರಿಸಲಿಲ್ಲ. ಅವಳ ತಮ್ಮ ಮುಖ ಆ ಕಡೆ ತಿರುಗಿಸಿಕೊಂಡ.

ಡಾಕ್ಟರಮ್ಮ ಬ್ಲಾಕನ್ನು ಕೈಯಲ್ಲಿ ತಿರುವಿ ನೋಡಿ, ಇದಕ್ಕೆ ಮಣ್ಣು ಹೇಗೆ ಹತ್ತಿತು ಎಂದು ಕೇಳಿದರು. "ನಮ್ಮ ಮನ್ಯಾಗ ಎಲ್ಲಾ ಸ್ವಲ್ಪ ಮುಂಚಿತ ಮಾಡ್ತಾರ್ರಿ" ಎಂದಳು ನನ್ನ ಹೆಂಡತಿ. ಅವರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದ ಮೇಲೆ ಸ್ವಲ್ಪ ಆಗಿರಬೇಕು, ಮತ್ತೆ ಕೇಳಲಿಲ್ಲ.

ಲಿವರಿನ ಚುಕ್ಕೆ ರಕ್ತನಾಳದ ಗಂಟೇ ಆಗಿತ್ತು. ಎಷ್ಟು ವರ್ಷದಿಂದ ಅಲ್ಲಿ ಕೂತಿತ್ತೋ. ಬ್ಲಾಕಿನ ಪರೀಕ್ಷೆಯಲ್ಲಿ ಅವಳದು ಮಾತ್ರೆಗೆ ಬಗ್ಗುವ ಜಾತಿ ಎಂದು ಬಂತು. ಆಪರೇಷನ್ ಆಯಿತು, ಒಂದು ಎದೆ ಹೋಯಿತು. ಕೀಮೋ ಆಯಿತು, ಕೂದಲು ಹೋಯಿತು. ಅವಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ನಾನು ರಜೆ ಹಾಕಿ ಮನೆಯಲ್ಲಿ ಕೂತೆ. ವಾಂತಿ ಬಳಿದೆ, ಬಟ್ಟೆ ಒಗೆದೆ, ರೊಟ್ಟಿ ಬಡಿಯಲು ಕಲಿತೆ. ಹಂಚಿನ ಮೇಲೆ ನನ್ನ ರೊಟ್ಟಿ ಹರಿದಾಗಲೆಲ್ಲ ಅವಳು ಮಲಗಿದಲ್ಲಿಂದಲೇ ಕೇಳುತ್ತಿದ್ದಳು: "ಬೇವೂರಿಗೆ ಫೋನ್ ಹಚ್ಚಲೇನ್ರಿ?"

ಅವ್ವನನ್ನೂ ಬಿಡಲಿಲ್ಲ. ಅವ್ವ ಗಂಜಿಯ ಬಟ್ಟಲು ಹಿಡಿದು ಹತ್ತಿರ ಬಂದರೆ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದು ಮಲಗುತ್ತಿದ್ದಳು. ಅವ್ವ ಗಾಬರಿಯಾಗಿ ಮೂಗಿನ ಹತ್ತಿರ ಬೆರಳು ತಂದಾಗ ಫಕ್ಕನೆ ಕಣ್ಣು ತೆರೆದು, "ಯಾಕ್ರಿ ಅತ್ತಿ, ಸಲಿಕಿ ತಂದೀರೇನು?" ಎನ್ನುತ್ತಿದ್ದಳು. ಅವ್ವನ ಕೈಯ ಗಂಜಿ ನೆಲಕ್ಕೆ ಚೆಲ್ಲುತ್ತಿತ್ತು. ಅದನ್ನೂ ನಾನೇ ಒರೆಸುತ್ತಿದ್ದೆ. ಒಂದು ದಿನ ಅವ್ವ ಅವಳ ಕಾಲು ಹಿಡಿದುಕೊಂಡು ಅತ್ತಳು. ಅವಳು ಕಾಲು ಎಳೆದುಕೊಳ್ಳಲಿಲ್ಲ, ಏಳು ಎಂದೂ ಹೇಳಲಿಲ್ಲ. ಅಳು ಮುಗಿಯುವವರೆಗೆ ಮಾಳಿಗೆಯ ತೊಲೆ ನೋಡುತ್ತ ಮಲಗಿದಳು.

ಮೂರು ವರ್ಷವಾಯಿತು. ಕೂದಲು ಬಂದಿದೆ, ಮೊದಲಿಗಿಂತ ಗುಂಗುರು. ಈಗ ಓಣಿಯವರು ಮತ್ತೆ ಅವಳನ್ನು ಎಳೆ ಕೂಡಿಸಲು ಕರೆಯುತ್ತಾರೆ. ಡಾಕ್ಟರಮ್ಮ ಆರು ತಿಂಗಳಿಗೊಮ್ಮೆ ನೋಡಿ, ಚೆನ್ನಾಗಿದ್ದೀ ಎಂದು ಕಳಿಸುತ್ತಾರೆ. ನನ್ನ ಜೊತೆ ಅವಳು ಮಾತು ಬಿಟ್ಟಿಲ್ಲ, ಊಟಕ್ಕೆ ಬಡಿಸುತ್ತಾಳೆ, ಸಂತೆಗೆ ಕಳಿಸುತ್ತಾಳೆ. ಎಲ್ಲ ಮೊದಲಿನಂತೆಯೇ ಇದೆ ಎಂದು ನಾನು ನಂಬಲು ಶುರು ಮಾಡಿದ್ದೆ.

ಹೋದ ವರ್ಷ ಅವ್ವ ಹೋದಳು. ಕೊನೆಯ ಎರಡು ತಿಂಗಳು ಅವಳ ಮೈ ತೊಳೆದವಳು, ಬಾಯಿಗೆ ನೀರು ಬಿಟ್ಟವಳು ನನ್ನ ಹೆಂಡತಿಯೇ. ಒಂದು ಕೊಂಕು ಮಾತೂ ಆಡಲಿಲ್ಲ. ಅವ್ವನಿಗೆ ತಾನು ಹಿಡಿದಿಟ್ಟುಕೊಂಡಿದ್ದ ಜಾಗವೇ ಸಿಕ್ಕಿತು, ಅಪ್ಪನ ಮಗ್ಗುಲು. ಕೂರಿಸಿ, ವಿಭೂತಿ ಸುರಿದು, ಎಲೆ ಏರಿಸಿದರು. ನಾನು ಮೊದಲು ಮಣ್ಣು ಕೊಟ್ಟೆ. ನನ್ನ ಹಿಂದೆ ಸಂಬಂಧಿಕರು ಒಬ್ಬೊಬ್ಬರಾಗಿ ಕೊಟ್ಟರು. ನನ್ನ ಹೆಂಡತಿ ಬಗ್ಗಿ ಒಂದು ಹಿಡಿ ಹಾಕಿದಳು, ಕೈ ಝಾಡಿಸಿಕೊಂಡು, ಅಪ್ಪನ ಗೋರಿಯ ಕಾಲ ಕಡೆ ಹೋಗಿ ನಿಂತಳು. ನಾನು ಅಗೆದಿದ್ದ ಮೂರು ತಗ್ಗುಗಳಲ್ಲಿ ಹುಲ್ಲು ಬೆಳೆದಿತ್ತು. ಅಲ್ಲಿಂದಲೇ ತಮ್ಮನನ್ನು ಕರೆದಳು, ಎಲ್ಲರಿಗೂ ಕೇಳುವಂತೆ.

"ತಮ್ಮಾ, ಹಿರ್ಯಾರು ಎಲ್ಲಾ ಅದಾರ, ಈಗ ಹೇಳಿಬಿಡ್ತೇನಿ. ನಾ ಹೋದಾಗ ಮಣ್ಣು ನೀ ಕೊಡು. ಇವರ ಕೈಲೆ ಕೊಡಸಬ್ಯಾಡ. ಇವರದು ಕೊಟ್ಟಾಗೇತಿ."

ಒಬ್ಬ ಹಿರಿಯರು, ಯಾವಾಗ ಕೊಟ್ಟ, ಏನು ಮಾತಿದು ಎಂದು ಅವರನ್ನು ಇವರನ್ನು ಕೇಳಿದರು. ಅವಳ ತಮ್ಮ ಅಕ್ಕನಿಗೆ ಹೂಂ ಎಂದ. ನಾನು ಅವ್ವನ ಮಣ್ಣು ಹತ್ತಿದ ಕೈ ಹಿಡಿದುಕೊಂಡು ನಿಂತಿದ್ದೆ.

ಆಮೇಲೆ ಒಂದು ಮಧ್ಯಾಹ್ನ, ಅವಳು ಪಡಸಾಲೆಯಲ್ಲಿ ಕೂತು ಕಡಲೆ ಆರಿಸುತ್ತಿದ್ದಾಗ, ಧೈರ್ಯ ಮಾಡಿ ಹೇಳಿದೆ. ನಾನು ದಿನಾ ಪೂಜೆಗೆ ಕೂತಾಗ ಬೇಡಿಕೊಳ್ಳುವುದು ಒಂದೇ, ನಿನಗಿಂತ ಮೊದಲು ನಾನು ಹೋಗಬೇಕು ಎಂದು. ನಿಜವನ್ನೇ ಹೇಳಿದ್ದೆ. ಕಣ್ಣಲ್ಲಿ ನೀರೂ ಬಂದಿತ್ತು.

ಅವಳು ಮೊರದಿಂದ ಕಣ್ಣೆತ್ತಲಿಲ್ಲ.

"ಅದೂ ನಿಮ್ಮ ಅನುಕೂಲಕ್ಕ" ಎಂದಳು.